ಒಂದು ಚಕ್ರ ಸುತ್ತಿದರೆ ಗಾಡಿ ಯಾಕೆ ನಿಲ್ಲುತ್ತದೆ? ರೇಸ್ ಕಾರಿನ ಎಲ್‌ಎಸ್‌ಡಿ ಕಲಿಸುವ ಲೆಕ್ಕ

ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯಲ್ಲಿ, ಬಳ್ಳಾರಿ ಗಡಿಗೆ ಹತ್ತಿರ ಇರುವ ನೇಮಕಲ್ಲು, ಬೊಮ್ಮನಹಾಳ್, ದರ್ಗಾ ಹೊನ್ನೂರು ಕಡೆ ಕನ್ನಡವೂ ನಡೆಯುತ್ತದೆ, ತೆಲುಗೂ ನಡೆಯುತ್ತದೆ. ಇಲ್ಲಿ ಒಂದು ಕಡೆ ಎರೆಮಣ್ಣಿನ ಹೊಲ, ಇನ್ನೊಂದು ಕಡೆ ಹಗರಿ ಅಂದರೆ ವೇದಾವತಿ ನದಿಯ ಮರಳು. ದರ್ಗಾ ಹೊನ್ನೂರಿನ ಬಳಿ ಈ ಮರಳು ಗಾಳಿಗೆ ಹಾರಿ ದಿಬ್ಬಗಳೇ ಆಗಿಬಿಟ್ಟಿವೆ. ಇಂಥ ನೆಲದಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ಒಂದು ಚಕ್ರ ಮರಳಲ್ಲಿ ಗಿರಗಿರ ಸುತ್ತತೊಡಗಿದರೆ ಇನ್ನೊಂದು ಚಕ್ರ ಗಟ್ಟಿ ನೆಲದ ಮೇಲಿದ್ದರೂ ಕದಲುವುದಿಲ್ಲ. ಆಗ ಸೀಟಿನ ಬಳಿ ಇರುವ ಒಂದು ಸಣ್ಣ ಪೆಡಲನ್ನು ಹಿಮ್ಮಡಿಯಲ್ಲಿ ಒತ್ತಬೇಕು. ಎರಡೂ ಚಕ್ರ ಒಟ್ಟಿಗೆ ತಿರುಗಿ ಟ್ರ್ಯಾಕ್ಟರ್ ಹೊರಗೆ ಬರುತ್ತದೆ. ಅದೇ ಡಿಫರೆನ್ಶಿಯಲ್ ಲಾಕ್.

ರೇಸ್ ಟ್ರ್ಯಾಕ್‌ನಲ್ಲಿ ಓಡುವ ಕಾರಿನ ಸಮಸ್ಯೆಯೂ ಇದೇ. ಅಲ್ಲಿ ಮರಳಿಲ್ಲ, ಕೆಸರಿಲ್ಲ, ಒಳ್ಳೆ ಡಾಂಬರು ಇದೆ. ಆದರೂ ತಿರುವಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತಿ ಶಕ್ತಿ ಎಲ್ಲ ಪೋಲಾಗುತ್ತದೆ. ಅದಕ್ಕೆ ಕಂಡುಕೊಂಡ ಪರಿಹಾರವೇ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಚಿಕ್ಕದಾಗಿ ಎಲ್‌ಎಸ್‌ಡಿ. ಹೆಸರು ಕೇಳಿ ಮನೆಯ ಹಿರಿಯರು ಗಾಬರಿಯಾಗುವುದು ಬೇಡ. ಇದು ಗೇರಿನ ವಿಷಯ, ಅಮಲಿನ ವಿಷಯ ಅಲ್ಲ.

ಇತ್ತೀಚೆಗೆ ಇನ್‌ಸ್ಟಾಗ್ರಾಮ್ ರೀಲ್ ನೋಡಿ ಈ ಹೆಸರು ಹೇಳುವ ಹುಡುಗರು ಹೆಚ್ಚು. 'ಎಲ್‌ಎಸ್‌ಡಿ ಹಾಕಿದರೆ ಗಾಡಿ ರಸ್ತೆಗೆ ಅಂಟಿಕೊಳ್ಳುತ್ತದೆ' ಎಂಬ ನಂಬಿಕೆಯೂ ಇದೆ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದ ಅರ್ಧ ತಿಳಿಯದೆ ಹಣ ಹಾಕಿದರೆ ಹಣವೂ ಹೋಗಬಹುದು, ಜೀವವೂ ಹೋಗಬಹುದು. ಹಾಗಾಗಿ ವಿಷಯವನ್ನು ಬುಡದಿಂದ ನೋಡುವುದು ಒಳ್ಳೆಯದು.

ಮೊದಲು ಡಿಫರೆನ್ಶಿಯಲ್ ಯಾಕೆ ಬೇಕು?

ಕಾರು ತಿರುಗುವಾಗ ಹೊರಗಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಒಳಗಿನದ್ದು ಸಣ್ಣ ಸುತ್ತು. ಎಡ-ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಇದೆ ಎಂದಿಟ್ಟುಕೊಳ್ಳಿ. ಗಾಡಿ ಪೂರ್ತಿ ಯು-ಟರ್ನ್ ಹೊಡೆದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 4.7 ಮೀಟರ್ ಜಾಸ್ತಿ ಓಡಬೇಕು. ಎರಡೂ ಚಕ್ರ ಒಂದೇ ಸಲಾಕೆಗೆ ಬಿಗಿದಿದ್ದರೆ ಇದು ಸಾಧ್ಯವಿಲ್ಲ. ಒಂದು ಟಯರ್ ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕು. ಟಯರ್ ಸವೆಯುತ್ತದೆ, ಆಕ್ಸಲ್ ಮೇಲೆ ಭಾರ ಬೀಳುತ್ತದೆ, ಗಾಡಿ ತಿರುಗಲು ಹಟ ಮಾಡುತ್ತದೆ.

ಈ ತೊಂದರೆ ತಪ್ಪಿಸುವುದು ಡಿಫರೆನ್ಶಿಯಲ್. ನಮ್ಮ ಗ್ಯಾರೇಜ್‌ಗಳಲ್ಲಿ ಕ್ರೌನ್, ಸ್ಟಾರ್ ಪಿನಿಯನ್ ಎಂದು ಕರೆಯುವ ಗೇರುಗಳೆಲ್ಲ ಸೇರಿರುವುದು ಇದರಲ್ಲೇ. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆಗ ಪೆಟ್ರೋಲ್ ಕಾರು ಇನ್ನೂ ಹುಟ್ಟಿರಲಿಲ್ಲ, ಹಬೆಯ ಗಾಡಿಗಳ ಕಾಲ ಅದು. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ, ಎಂಜಿನ್‌ನ ತಿರುಚುಬಲ ಅಂದರೆ ಟಾರ್ಕ್ ಮಾತ್ರ ಎರಡಕ್ಕೂ ಸಮವಾಗಿ ಸಿಗಲಿ ಎಂಬುದು ಇದರ ಏರ್ಪಾಡು.

ಸಮಪಾಲಿನ ಪಾಲುದಾರಿಕೆ

ತೊಂದರೆ ಇರುವುದು ಆ 'ಸಮವಾಗಿ' ಎಂಬ ಮಾತಿನಲ್ಲೇ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಇಬ್ಬರ ಸಮಪಾಲಿನ ಪಾಲುದಾರಿಕೆ. ಒಬ್ಬನ ಕೈಯಲ್ಲಿ ಎಷ್ಟು ಬಂಡವಾಳ ಇದೆಯೋ, ಇನ್ನೊಬ್ಬನೂ ಅಷ್ಟೇ ಹಾಕಬಹುದು. ಎರಡನೆಯವನ ಹತ್ತಿರ ಮೂರು ಪಟ್ಟು ಇದ್ದರೂ ಪ್ರಯೋಜನವಿಲ್ಲ. ಬಡ ಪಾಲುದಾರನ ಮಿತಿಯೇ ಅಂಗಡಿಯ ಮಿತಿ.

ಕಾರು ವೇಗವಾಗಿ ತಿರುಗುವಾಗ ಭಾರ ಹೊರಗಿನ ಚಕ್ರದ ಕಡೆಗೆ ವಾಲುತ್ತದೆ. ಒಳಗಿನ ಚಕ್ರ ಹಗುರವಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಉದಾಹರಣೆಗೆ ಒಳಚಕ್ರ ಜಾರದೆ 100 ಕಿಲೋ ಬಲದಲ್ಲಿ ತಳ್ಳಬಲ್ಲದು, ಹೊರಚಕ್ರ 300 ಕಿಲೋ ಬಲದಲ್ಲಿ ತಳ್ಳಬಲ್ಲದು ಎಂದಿಟ್ಟುಕೊಳ್ಳಿ.

ಸಾಮಾನ್ಯ ಡಿಫರೆನ್ಶಿಯಲ್ ಇದ್ದರೆ: ಒಳಚಕ್ರಕ್ಕೆ 100, ಹೊರಚಕ್ರಕ್ಕೂ 100, ಒಟ್ಟು 200. ಆಕ್ಸಿಲರೇಟರ್ ಇನ್ನೂ ಒತ್ತಿದರೆ ಒಳಚಕ್ರ ಸುತ್ತುತ್ತದೆ, ಹೊಗೆ ಬರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಎರಡು ಪಟ್ಟು ಕೊಡಬಲ್ಲ ಎಲ್‌ಎಸ್‌ಡಿ ಇದ್ದರೆ: ಒಳಚಕ್ರಕ್ಕೆ 100, ಹೊರಚಕ್ರಕ್ಕೆ 200, ಒಟ್ಟು 300.

ಪೂರ್ತಿ ಲಾಕ್ ಮಾಡಿದರೆ: ಒಳಗೆ 100, ಹೊರಗೆ 300, ಒಟ್ಟು 400ರ ತನಕ.

ಈ 'ಎಷ್ಟು ಪಟ್ಟು' ಎಂಬುದಕ್ಕೆ ಟಾರ್ಕ್ ಬಯಾಸ್ ರೇಶಿಯೋ ಎನ್ನುತ್ತಾರೆ. ಲೆಕ್ಕ ನೋಡಿದರೆ ಪೂರ್ತಿ ಲಾಕ್ ಮಾಡಿದ್ದೇ ಲಾಭ ಎನಿಸುತ್ತದೆ. ಆದರೆ ಖರ್ಚಿನ ಕಾಲಂ ಇನ್ನೂ ಬರೆದಿಲ್ಲ. ಲಾಕ್ ಆದ ಗಾಡಿ ತಿರುಗುವುದಿಲ್ಲ. ಟ್ರ್ಯಾಕ್ಟರ್‌ನವರು ಹೊಲದ ಬದುವಿನಲ್ಲಿ ತಿರುಗಿಸುವ ಮೊದಲು ಆ ಪೆಡಲ್‌ನಿಂದ ಕಾಲು ತೆಗೆಯುವುದು ಇದಕ್ಕೇ. ರೇಸ್ ಕಾರಿನಲ್ಲಿ ತಿರುವಿಗೊಮ್ಮೆ ಪೆಡಲ್ ಒತ್ತಿ ಬಿಡಲು ಪುರುಸೊತ್ತಿಲ್ಲ. ಬೇಕಾದಾಗ ಬೇಕಾದಷ್ಟೇ ಬಿಗಿದು, ಬೇಡದಾಗ ತಾನೇ ಬಿಡುವ ಸಾಧನ ಬೇಕು.

1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ವಿನ್ಯಾಸ ಮಾಡಿದ ಆಟೋ ಯೂನಿಯನ್ ಗ್ರಾಂಡ್ ಪ್ರಿ ಕಾರಿಗೆ ಇದೇ ಕಾಯಿಲೆ ಇತ್ತು. ಶಕ್ತಿ ಎಷ್ಟಿತ್ತೆಂದರೆ ಗಂಟೆಗೆ 160 ಕಿ.ಮೀ. ವೇಗದವರೆಗೂ ಹಿಂದಿನ ಒಂದು ಚಕ್ರ ಸುತ್ತಿಬಿಡುತ್ತಿತ್ತು. 1935ರಲ್ಲಿ ಪೋರ್ಷೆ ಜರ್ಮನಿಯ ಝಡ್‌ಎಫ್ ಕಂಪನಿಯಿಂದ ಮಿತಿ ಇರುವ ಡಿಫರೆನ್ಶಿಯಲ್ ಮಾಡಿಸಿದರು. ರೇಸಿಂಗ್‌ನಲ್ಲಿ ಎಲ್‌ಎಸ್‌ಡಿ ಬೇರೂರಿದ್ದು ಹೀಗೆ.

ತಿರುವಿನ ಮೂರು ಹಂತ

ಟ್ರ್ಯಾಕ್‌ನಲ್ಲಿ ಒಂದು ತಿರುವನ್ನು ಮೂರು ಭಾಗ ಮಾಡಿ ನೋಡುತ್ತಾರೆ: ಒಳಗೆ ಹೋಗುವುದು, ನಡುಭಾಗ, ಹೊರಗೆ ಬರುವುದು. ಎಲ್‌ಎಸ್‌ಡಿ ಈ ಮೂರರಲ್ಲೂ ಬೇರೆ ಬೇರೆ ಕೆಲಸ ಮಾಡುತ್ತದೆ.

ಮೊದಲನೆಯದು ಪ್ರವೇಶ. ಚಾಲಕ ಬ್ರೇಕ್ ಹಿಡಿದು, ಗೇರು ಇಳಿಸಿ, ಸ್ಟೇರಿಂಗ್ ತಿರುಗಿಸುತ್ತಾನೆ. ಈ ಹೊತ್ತಿನಲ್ಲಿ ಡಿಫರೆನ್ಶಿಯಲ್ ಬಿಗಿಯಾಗಿದ್ದರೆ ಎರಡೂ ಹಿಂಚಕ್ರಗಳು ಒಂದೇ ವೇಗದಲ್ಲಿ ತಿರುಗಲು ನೋಡುತ್ತವೆ. ಗಾಡಿ ನೇರ ಹೋಗುವ ಮನಸ್ಸು ಮಾಡುತ್ತದೆ. ಮೂತಿ ತಿರುವಿನ ಹೊರಗೆ ಜಾರುತ್ತದೆ, ಅಂದರೆ ಅಂಡರ್‌ಸ್ಟೇರ್. ಆದರೆ ಇದಕ್ಕೆ ಒಳ್ಳೆಯ ಮುಖವೂ ಇದೆ. ಜೋರಾಗಿ ಬ್ರೇಕ್ ಹಿಡಿದಾಗ ಹಿಂಭಾಗ ಅತ್ತಿತ್ತ ಆಡುವ ಗಾಡಿ ಸ್ವಲ್ಪ ಬಿಗಿತದಿಂದ ಸ್ಥಿರವಾಗುತ್ತದೆ.

ಎರಡನೆಯದು ನಡುಭಾಗ. ಬ್ರೇಕೂ ಇಲ್ಲ, ಆಕ್ಸಿಲರೇಟರೂ ಅಷ್ಟಕ್ಕಷ್ಟೆ. ಇಲ್ಲಿ ಎಲ್‌ಎಸ್‌ಡಿ ಸುಮ್ಮನಿರಬೇಕು. ಒಳಗಿನ ಪ್ಲೇಟುಗಳನ್ನು ಮೊದಲೇ ಸ್ಪ್ರಿಂಗ್ ಹಾಕಿ ಒತ್ತಿಟ್ಟಿದ್ದರೆ, ಅಂದರೆ ಪ್ರೀಲೋಡ್ ಜಾಸ್ತಿ ಇದ್ದರೆ, ಗಾಡಿ ಇಲ್ಲೂ ತಿರುಗಲು ಹಿಂದೇಟು ಹಾಕುತ್ತದೆ. ನಿಧಾನದ ಸಣ್ಣ ತಿರುವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೂರನೆಯದು ನಿರ್ಗಮನ. ಎಲ್‌ಎಸ್‌ಡಿಗೆ ಕೊಟ್ಟ ಹಣ ವಾಪಸ್ ಬರುವುದು ಇಲ್ಲೇ. ಚಾಲಕ ಬೇಗ ಆಕ್ಸಿಲರೇಟರ್ ಒತ್ತಬಹುದು, ಹೊರಚಕ್ರ ಹೆಚ್ಚು ಭಾರ ಹೊತ್ತು ಗಾಡಿಯನ್ನು ಮುಂದೆ ದೂಡುತ್ತದೆ. ತಿರುವಿನ ನಂತರ ಉದ್ದ ನೇರ ದಾರಿ ಇದ್ದರೆ, ತಿರುವಿನಿಂದ ಹೊರಬಿದ್ದಾಗಿನ ವೇಗದ ಲಾಭ ಆ ದಾರಿಯ ಕೊನೆಯ ತನಕ ಸಿಗುತ್ತದೆ.

ಆದರೆ ಅಪಾಯವೂ ಇಲ್ಲೇ ಇದೆ. ಒಂದು ಟಯರ್‌ನ ಒಟ್ಟು ಹಿಡಿತಕ್ಕೆ ಮಿತಿ ಇದೆ. ಅದನ್ನು ಮುಂದೆ ತಳ್ಳಲು ಖರ್ಚು ಮಾಡಿದರೆ ಪಕ್ಕಕ್ಕೆ ಜಾರದಂತೆ ಹಿಡಿಯಲು ಉಳಿಯುವುದು ಕಮ್ಮಿ. ಹಿಂಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಸಾಮಾನ್ಯ ಡಿಫರೆನ್ಶಿಯಲ್ ಇದ್ದಾಗ ಒಳಚಕ್ರ ಮಾತ್ರ ಸುತ್ತುತ್ತದೆ. ಹೊರಚಕ್ರ ಸುಮ್ಮನೆ ಉರುಳುತ್ತಾ ಹಿಂಭಾಗವನ್ನು ಹಿಡಿದಿಟ್ಟುಕೊಂಡಿರುತ್ತದೆ. ಪೋಲಾಗುವ ಶಕ್ತಿಯೇ ಒಂದು ಬಗೆಯ ಕಾವಲುಗಾರ. ಎಲ್‌ಎಸ್‌ಡಿ ಇದ್ದಾಗ ಮಿತಿ ಮೀರಿದರೆ ಎರಡೂ ಚಕ್ರ ಒಟ್ಟಿಗೆ ಜಾರುತ್ತವೆ. ಹಿಂಭಾಗವನ್ನು ಹಿಡಿಯಲು ಯಾರೂ ಉಳಿಯುವುದಿಲ್ಲ, ಗಾಡಿ ಸುತ್ತು ಹೊಡೆಯುತ್ತದೆ. ಒಟ್ಟಿನಲ್ಲಿ ಎಲ್‌ಎಸ್‌ಡಿ ಮಿತಿಯನ್ನು ಸ್ವಲ್ಪ ಮೇಲೆ ಏರಿಸುತ್ತದೆ. ಆದರೆ ಆ ಮಿತಿ ದಾಟಿದವನಿಗೆ ಮೊದಲಿನಷ್ಟು ಮುನ್ಸೂಚನೆಯೂ ಸಿಗುವುದಿಲ್ಲ, ಸಮಯವೂ ಸಿಗುವುದಿಲ್ಲ.

ಮುಂಚಕ್ರದ ಗಾಡಿಯಲ್ಲಿ ಬೇರೆ ಕಥೆ

ಸ್ವಿಫ್ಟ್, ಪೋಲೊ, ಐ20, ಸಿಟಿ ಹೀಗೆ ನಮ್ಮೂರಲ್ಲಿ ಕಾಣುವ ಹೆಚ್ಚಿನ ಕಾರುಗಳಲ್ಲಿ ಶಕ್ತಿ ಹೋಗುವುದು ಮುಂಚಕ್ರಕ್ಕೆ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಒಳಚಕ್ರ ಸುತ್ತುತ್ತದೆ, ಮೂತಿ ಹೊರಗೆ ಹೋಗುತ್ತದೆ. ಎಲ್‌ಎಸ್‌ಡಿ ಇದ್ದರೆ ಹೊರಗಿನ ಮುಂಚಕ್ರಕ್ಕೆ ಹೆಚ್ಚು ಬಲ ಸಿಕ್ಕಿ, ಮೂತಿಯನ್ನು ತಿರುವಿನ ಒಳಗೆ ಎಳೆಯುತ್ತದೆ. ಹೋಂಡಾ ಕಂಪನಿಯ ಇಂಟೆಗ್ರಾ ಟೈಪ್ ಆರ್, ಸಿವಿಕ್ ಟೈಪ್ ಆರ್ ಕಾರುಗಳು ಟ್ರ್ಯಾಕ್‌ನಲ್ಲಿ ಹೆಸರು ಮಾಡಲು ಇದೂ ಒಂದು ಕಾರಣ. ಇದರ ಬೆಲೆ ಸ್ಟೇರಿಂಗ್‌ನಲ್ಲಿ ಕಟ್ಟಬೇಕು. ಒಂದು ಚಕ್ರ ಒದ್ದೆ ಜಾಗದ ಮೇಲೆ, ಇನ್ನೊಂದು ಒಣ ಜಾಗದ ಮೇಲೆ ಇದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಒಂದು ಕಡೆಗೆ ಎಳೆಯುತ್ತದೆ. ಮಳೆಗಾಲದಲ್ಲಿ ಕರಾವಳಿಯ ಹೆದ್ದಾರಿಯಲ್ಲಿ ನೀರು ನಿಲ್ಲುವ ಜಾಗ ಎಷ್ಟಿದೆ ಎಂದು ದಿನಾ ಓಡಾಡುವವರಿಗೆ ಗೊತ್ತು.

ಯಾವ ಯಾವ ಬಗೆ ಇದೆ?

ಪ್ಲೇಟ್ ಬಗೆ: ಬೈಕಿನ ಕ್ಲಚ್ ಪ್ಲೇಟುಗಳ ಹಾಗೆ ಒಳಗೆ ಪ್ಲೇಟುಗಳ ಕಟ್ಟು ಇರುತ್ತದೆ. ಎಂಜಿನ್ ಬಲ ಬಂದಾಗ ಇಳಿಜಾರಾಗಿ ಕೊರೆದ ಮುಖಗಳು ಪ್ಲೇಟುಗಳನ್ನು ಒತ್ತುತ್ತವೆ. ಈ ಇಳಿಜಾರಿನ ಕೋನ ಬದಲಿಸಿ ಬಿಗಿತ ಬದಲಿಸಬಹುದು. 30 ಡಿಗ್ರಿ ಇದ್ದರೆ ಜಾಸ್ತಿ ಬಿಗಿ, 60 ಡಿಗ್ರಿ ಇದ್ದರೆ ಕಮ್ಮಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುವುದು ಒನ್-ವೇ, ಒತ್ತಿದಾಗಲೂ ಬಿಟ್ಟಾಗಲೂ ಒಂದೇ ಸಮ ಬಿಗಿಯುವುದು ಟೂ-ವೇ, ಬಿಟ್ಟಾಗ ಸ್ವಲ್ಪ ಕಮ್ಮಿ ಬಿಗಿಯುವುದು ಒನ್ ಪಾಯಿಂಟ್ ಫೈವ್ ವೇ. ರೇಸ್ ತಂಡಗಳಿಗೆ ಇಷ್ಟವಾಗುವುದು ಈ ಹೊಂದಾಣಿಕೆ. ಆದರೆ ಪ್ಲೇಟ್ ಸವೆಯುತ್ತದೆ, ಇದಕ್ಕೆಂದೇ ಇರುವ ಆಯಿಲ್ ಬೇಕು, ಬಿಚ್ಚಿ ಸರಿಮಾಡುವ ಖರ್ಚು ತಪ್ಪುವುದಿಲ್ಲ. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಕಟಕಟ ಸದ್ದೂ ಬರುತ್ತದೆ.

ಗೇರ್ ಬಗೆ: ಟಾರ್ಸೆನ್, ಕ್ವೈಫ್ ಎಂಬ ಹೆಸರಲ್ಲಿ ಸಿಗುವ ಇದರಲ್ಲಿ ಓರೆ ಹಲ್ಲಿನ ಗೇರುಗಳ ತಿಕ್ಕಾಟವೇ ಬಿಗಿತ ಕೊಡುತ್ತದೆ. ಸದ್ದಿಲ್ಲ, ಸವೆತ ಕಮ್ಮಿ. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಆಟ ಮುಗಿಯಿತು. ಸೊನ್ನೆಯನ್ನು ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ಟ್ರ್ಯಾಕ್‌ನ ಅಂಚಿನ ಕೆಂಪು-ಬಿಳಿ ಕಲ್ಲುಗಳ ಮೇಲೆ ಚಕ್ರ ಹತ್ತಿಸಿ ಓಡಿಸುವವರಿಗೆ ಇದು ನೆನಪಿರಬೇಕು.

ವಿಸ್ಕಸ್ ಬಗೆ: ಮುಚ್ಚಿದ ಡಬ್ಬಿಯಲ್ಲಿ ದಪ್ಪ ಸಿಲಿಕೋನ್ ದ್ರವ, ಅದರೊಳಗೆ ತೂತಿನ ಪ್ಲೇಟುಗಳು. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದ ಮೇಲೆಯೇ ಇದು ಕೆಲಸ ಶುರು ಮಾಡುವುದು. ಅಂದರೆ ಸ್ವಲ್ಪ ತಡ. ರಸ್ತೆಗೆ ಸಾಕು, ಟ್ರ್ಯಾಕ್‌ನಲ್ಲಿ ಬಿಸಿಯಾಗಿ ಗುಣ ಬದಲಾಗುತ್ತದೆ.

ಎಲೆಕ್ಟ್ರಾನಿಕ್ ಬಗೆ: ಇದರಲ್ಲಿ ಎರಡು ತರ. ಒಂದರಲ್ಲಿ ಕಂಪ್ಯೂಟರ್ ನಿಜವಾದ ಕ್ಲಚ್ ಪ್ಲೇಟುಗಳನ್ನೇ ಒತ್ತುತ್ತದೆ. 2020ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರಲ್ಲಿ ಅಂಥದ್ದು ಇತ್ತು. ಇನ್ನೊಂದರಲ್ಲಿ ಡಿಫರೆನ್ಶಿಯಲ್ ಸಾಮಾನ್ಯದ್ದೇ, ಸುತ್ತುವ ಚಕ್ರಕ್ಕೆ ಕಂಪ್ಯೂಟರ್ ಮೆಲ್ಲಗೆ ಬ್ರೇಕ್ ಹಿಡಿಯುತ್ತದೆ. ಮಾರುತಿ ಜಿಮ್ನಿಯ 'ಬ್ರೇಕ್ ಎಲ್‌ಎಸ್‌ಡಿ' ಈ ಜಾತಿಯದ್ದು. ಕೆಸರಿಗೆ ಒಳ್ಳೆಯದು, ಆದರೆ ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಓಡಿದರೆ ಬ್ರೇಕ್ ಕಾದು ಸೋಲುತ್ತದೆ.

2020ರ ಥಾರ್‌ನ ಕೆಲವು ಮಾದರಿಗಳಲ್ಲಿ ಬಂದ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಶಿಯಲ್, ಫೋರ್ಸ್ ಗುರ್ಖಾದ ಲಾಕ್‌ಗಳು ಬೇರೆಯೇ ಸಂಗತಿ. ಅವು ಟ್ರ್ಯಾಕ್ಟರ್ ಪೆಡಲ್‌ನ ಸಂಬಂಧಿಕರು. ಹೂತ ಗಾಡಿ ಎತ್ತಲು ಇರುವುದು, ವೇಗದ ತಿರುವಿಗಲ್ಲ.

ರ‍್ಯಾಲಿಯಲ್ಲಿ, ಕಾರ್ಟಿಂಗ್‌ನಲ್ಲಿ

ಮೋಟಾರ್ ಸ್ಪೋರ್ಟ್ ಎಂದರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಕಾಸರಗೋಡಿನ ಮೂಸಾ ಶರೀಫ್. ಚಾಲಕನ ಪಕ್ಕದಲ್ಲಿ ಕೂತು ಮುಂದಿನ ತಿರುವು ಎಂಥದ್ದು ಎಂದು ಓದಿ ಹೇಳುವ ಸಹಚಾಲಕರಾಗಿ, ಗೌರವ್ ಗಿಲ್ ಜೊತೆ ಅವರು ಮಹೀಂದ್ರಾ ಎಕ್ಸ್‌ಯುವಿ500ರಲ್ಲಿ ರಾಷ್ಟ್ರೀಯ ರ‍್ಯಾಲಿ ಪ್ರಶಸ್ತಿ ಗೆದ್ದವರು. ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಪ್ರಶಸ್ತಿಯನ್ನು ಸ್ಕೋಡಾ ಫಾಬಿಯಾದಲ್ಲಿ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದು, ಆ ಗೌರವ ಕಂಡ ಮೊದಲ ಮೋಟಾರ್ ಸ್ಪೋರ್ಟ್ ಕ್ರೀಡಾಪಟು ಎನಿಸಿದರು. ಫಾಬಿಯಾ ಆರ್5ನಂಥ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಮುಂದೆ ಒಂದು, ಹಿಂದೆ ಒಂದು ಮೆಕ್ಯಾನಿಕಲ್ ಎಲ್‌ಎಸ್‌ಡಿ ಇರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಂಥ ಕಡೆ ಒಂದು ಚಕ್ರ ಹೊಂಡದಲ್ಲಿ, ಇನ್ನೊಂದು ಸಡಿಲ ಜಲ್ಲಿಯ ಮೇಲೆ ಇರುತ್ತದೆ. ಡಾಂಬರಿನ ಟ್ರ್ಯಾಕ್‌ಗೆ ಹೊಂದಿಸಿದ್ದೇ ಇಲ್ಲಿ ನಡೆಯುವುದಿಲ್ಲ. ನೆಲ ಬದಲಾದರೆ ಸೆಟ್ಟಿಂಗ್ ಬದಲಾಗಬೇಕು.

ಇನ್ನು ಗೋ-ಕಾರ್ಟ್. ಅದರಲ್ಲಿ ಡಿಫರೆನ್ಶಿಯಲ್ಲೇ ಇಲ್ಲ. ಎರಡೂ ಹಿಂಚಕ್ರ ಒಂದೇ ಸಲಾಕೆಗೆ ಬಿಗಿದಿರುತ್ತವೆ. ಹಾಗಾದರೆ ತಿರುಗುವುದು ಹೇಗೆ? ಸ್ಟೇರಿಂಗ್ ತಿರುಗಿಸಿದಾಗ ಚಾಸಿ ತುಸು ತಿರುಚಿ, ಒಳಗಿನ ಹಿಂಚಕ್ರ ನೆಲದಿಂದ ಏಳುವಂತೆ ಅದನ್ನು ಕಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಅಥವಾ ಗಲ್ಫ್‌ನಲ್ಲಿ ದುಬೈ ಆಟೋಡ್ರೋಮ್, ಅಬುಧಾಬಿಯ ಯಾಸ್ ಮರೀನಾ ಕಡೆ ಕಾರ್ಟ್ ಓಡಿಸಿದ ಹುಡುಗರಿಗೆ ನಿಧಾನದ ತಿರುವಿನಲ್ಲಿ ಅದು ನೇರಕ್ಕೇ ದೂಡುವ ಅನುಭವ ಆಗಿರುತ್ತದೆ. ಪೂರ್ತಿ ಲಾಕ್ ಆದ ಗಾಡಿಯ ಗುಣ ಅದು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಲಿಯಬಹುದಾದ ಪಾಠವನ್ನು ಲಕ್ಷ ಖರ್ಚು ಮಾಡಿ ಕಲಿಯಬೇಕಾಗಿಲ್ಲ.

ಹಾಗಾದರೆ ರಸ್ತೆಯ ಕಾರಿಗೆ ಬೇಕೇ?

ಇಲ್ಲಿ ಮೂರು ಲೆಕ್ಕ ನೋಡಬೇಕು.

ಒಂದು, ಹಣ. ದಿನಾ ಓಡಿಸುವ ಕಾರು ರಸ್ತೆಯಲ್ಲಿ ಒಳಚಕ್ರ ಸುತ್ತುವಷ್ಟು ಮಿತಿಗೆ ಹೋಗುವುದೇ ಅಪರೂಪ. ಹೋಗುತ್ತಿದೆ ಎಂದರೆ ಓಡಿಸುವ ರೀತಿಯೇ ತಪ್ಪು. ಅದೇ ಹಣಕ್ಕೆ ನಾಲ್ಕು ಒಳ್ಳೆ ಟಯರು, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಹಾಕಿಸಿದರೆ ಲಾಭ ದಿನಾ ಕಾಣುತ್ತದೆ. ಟ್ರ್ಯಾಕ್‌ಗೆ ಹೋಗುವವರೂ ಮೊದಲು ಟಯರು, ಬ್ರೇಕು, ತರಬೇತಿ ನೋಡಿ, ಕೊನೆಗೆ ಎಲ್‌ಎಸ್‌ಡಿ ನೋಡುವುದೇ ಸರಿಯಾದ ಕ್ರಮ.

ಎರಡು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಬದಲಿಸಿದ ಗಾಡಿ ಅಪಘಾತವಾದರೆ ವಿಮೆಯವರು ಪ್ರಶ್ನೆ ಎತ್ತಲು ದಾರಿ ಸಿಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್‌ನಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ. ತನಕ ದಂಡ ಅಥವಾ ಎರಡೂ. ಓಡಿಸಿದವನು ಅಪ್ರಾಪ್ತನಾದರೆ 199ಎ ಸೆಕ್ಷನ್‌ನಡಿ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ. ಮಗನ ಕೈಗೆ ಕೀ ಕೊಡುವ ಬಾಪ, ಗಲ್ಫ್‌ನಿಂದ ತಮ್ಮನಿಗೆ ಕಾರಿಗೆಂದು ದುಡ್ಡು ಕಳಿಸುವ ಅಣ್ಣ ಇಬ್ಬರೂ ಇದನ್ನು ತಿಳಿದಿರಬೇಕು.

ಮೂರು, ಜೀವ. ಡ್ರಿಫ್ಟ್ ಹುಚ್ಚಿಗೆ ಕೆಲವರು ಹಳೆ ಹಿಂಚಕ್ರದ ಕಾರಿನ ಸ್ಟಾರ್ ಪಿನಿಯನ್‌ಗೆ ವೆಲ್ಡಿಂಗ್ ಹೊಡೆಸಿಬಿಡುತ್ತಾರೆ. ಎಲ್‌ಎಸ್‌ಡಿಗೆ ದುಡ್ಡಿಲ್ಲ, ವೆಲ್ಡಿಂಗ್ ಅಗ್ಗ ಎಂಬ ಲೆಕ್ಕ. ಇದು ಲಿಮಿಟೆಡ್ ಸ್ಲಿಪ್ ಅಲ್ಲ, ಬಿಡಿಸಲಾಗದ ಲಾಕ್. ಒದ್ದೆ ರಸ್ತೆಯಲ್ಲಿ ಅಂಥ ಗಾಡಿ ಸಣ್ಣ ತಿರುವಿನಲ್ಲೂ ಹಿಂಭಾಗ ಬಿಟ್ಟುಕೊಡಬಹುದು. ವೆಲ್ಡ್ ಒಡೆದು ಚೂರು ಹಲ್ಲುಗಳ ನಡುವೆ ಸಿಕ್ಕಿದರೆ ಓಡುವಾಗಲೇ ಚಕ್ರ ಹಿಡಿದುಬಿಡಬಹುದು. ಎದುರಿಗೆ ಬರುವ ಸ್ಕೂಟರಿನವನಿಗೆ, ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವವರಿಗೆ ಈ ಆಟದಲ್ಲಿ ಪಾಲಿಲ್ಲ. ನಷ್ಟ ಮಾತ್ರ ಅವರಿಗೂ ಬರುತ್ತದೆ.

ನಿಜವಾದ ಆಸಕ್ತಿ ಇರುವವರಿಗೆ ದಾರಿ ಮುಚ್ಚಿಲ್ಲ. ಚೆನ್ನೈ ಬಳಿ ಸುಮಾರು 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಕೊಯಮತ್ತೂರಿನಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. ದೇಶದ ಮೋಟಾರ್ ಸ್ಪೋರ್ಟ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಪಡೆದು ಸ್ಪರ್ಧೆಗೆ ಇಳಿಯಬಹುದು. ಅಲ್ಲಿ ಹೆಲ್ಮೆಟ್ ಇದೆ, ಆಂಬ್ಯುಲೆನ್ಸ್ ಇದೆ, ಜಾರಿದರೆ ನಿಲ್ಲಲು ಜಾಗ ಇದೆ, ಎದುರಿನಿಂದ ಯಾರೂ ಬರುವುದಿಲ್ಲ.

ಹಗರಿಯ ಮರಳಲ್ಲಿ ಟ್ರ್ಯಾಕ್ಟರ್ ಓಡಿಸುವವರು ಲಾಕ್ ಪೆಡಲನ್ನು ಯಾವಾಗ ಒತ್ತಬೇಕು ಎನ್ನುವುದರ ಜೊತೆಗೆ ಯಾವಾಗ ಬಿಡಬೇಕು ಎನ್ನುವುದನ್ನೂ ಕಲಿತಿರುತ್ತಾರೆ. ಎಲ್‌ಎಸ್‌ಡಿ ಕೊಳ್ಳಲು ಹೊರಟವನು ಮೊದಲು ಕಲಿಯಬೇಕಾದದ್ದೂ ಅದನ್ನೇ.